ಮುಚ್ಚಳ ಯಾವ ಬಣ್ಣ?

ಮೊದಲು ಗೊತ್ತಾಗಿದ್ದು ಇರುವೆಗಳಿಗೆ. ಆಮೇಲೆ ಅಜ್ಜಿಗೆ. ಡಾಕ್ಟರಿಗೆ ಗೊತ್ತಾಗುವ ಹೊತ್ತಿಗೆ ನನಗೆ ಮಾತಾಡಲು ಆಗುತ್ತಿರಲಿಲ್ಲ.

2019ರ ಫೆಬ್ರವರಿ ಅದು. ಮಾರ್ಚ್ 1ಕ್ಕೆ ಸೆಕೆಂಡ್ ಪಿಯುಸಿ ಪರೀಕ್ಷೆ ಶುರು. ಸಾಗರದ ಹಾಸ್ಟೆಲಿನಲ್ಲಿದ್ದವಳು ಓದಿಕೊಳ್ಳಲು ಅಂತ ಊರಿಗೆ ಬಂದಿದ್ದೆ. ನಮ್ಮ ಊರು ಶರಾವತಿ ಹಿನ್ನೀರಿನ ಆಚೆ ದಡದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ನಮಗೆ ಸಾಗರ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಲಾಂಚ್ ಇದ್ದರೆ ಹೋದೆವು. ಸಂಜೆ ಲಾಂಚ್ ನಿಂತಿತು ಅಂದ್ರೆ ಹೊಸನಗರದ ಕಡೆಯಿಂದ ಕಾಡಿನ ರಸ್ತೆಯಲ್ಲಿ ಸುತ್ತು ಹಾಕಬೇಕಿತ್ತು. ಬಾಣಂತಿಯಾಗಲಿ, ಹಾವು ಕಚ್ಚಿದವರಾಗಲಿ, ಎಲ್ಲರಿಗೂ ಅದೇ ಲೆಕ್ಕ.

ಓದಿದ್ದಕ್ಕಿಂತ ನೀರು ಕುಡಿದದ್ದೇ ಜಾಸ್ತಿ. ತಂಬಿಗೆ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದೆ. ರಾತ್ರಿ ನಾಲ್ಕು ಸಲ ಏಳಬೇಕಿತ್ತು. ನಮ್ಮ ಬಚ್ಚಲು ಕೊಟ್ಟಿಗೆ ದಾಟಿ ಆಚೆ. ಟಾರ್ಚ್ ಹಿಡಿದುಕೊಂಡು ಜೊತೆಗೆ ಬರುತ್ತಿದ್ದದ್ದು ಅಜ್ಜಿ. ಒಂದು ಬೆಳಗ್ಗೆ ಅವಳು ಬಚ್ಚಲ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದಳು. ಕಲ್ಲುಚಪ್ಪಡಿಯ ಸಂದಿಯಲ್ಲಿ ಸಣ್ಣ ಕೆಂಪು ಇರುವೆಗಳ ಸಾಲು. "ನಿನ್ನ ಅಜ್ಜನಿಗೂ ಹೀಗೇ ಮುತ್ತುತ್ತಿದ್ದವು ಕೂಸೆ" ಅಂದಳು. ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು. ಅಪ್ಪ ನಕ್ಕುಬಿಟ್ಟರು. ಹದಿನೇಳು ವರ್ಷದವಳಿಗೆ, ಅದೂ ಗಾಳಿ ಬಂದರೆ ಹಾರಿಹೋಗುವ ಹಾಗಿರುವವಳಿಗೆ ಎಂತ ಶುಗರ್ರು?

ಆ ವರ್ಷ ನಮ್ಮ ಕಡೆ ಎಲ್ಲರ ತಲೆಯಲ್ಲಿದ್ದದ್ದು ಬೇರೆ ಕಾಯಿಲೆ. ಅರಲಗೋಡಿನ ಸುತ್ತಮುತ್ತ ಮಂಗನ ಕಾಯಿಲೆಯಿಂದ ಸಾಲಾಗಿ ಸಾವುಗಳಾಗಿದ್ದವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಅರವತ್ತು ವರ್ಷವಾದರೂ ನಮ್ಮನ್ನು ಬಿಟ್ಟಿರಲಿಲ್ಲ. ತೋಟಕ್ಕೆ, ಕಾಡಿನ ಒಣ ಎಲೆ ದರಕು ತರಲು ಹೋಗುವವರಿಗೆ ಕಾಯಿಲೆ ಹರಡುವ ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳಲು ಡಿಎಂಪಿ ಎಣ್ಣೆ ಹಂಚುತ್ತಿದ್ದರು. ಸತ್ತ ಮಂಗ ಕಂಡರೆ ಫೋನ್ ಮಾಡಿ ಅಂತ ಗೋಡೆ ಗೋಡೆಗೆ ಪೋಸ್ಟರ್. ಮೈ ಸ್ವಲ್ಪ ಬೆಚ್ಚಗಾದರೂ ಮನೆಯವರ ಮುಖ ಕಪ್ಪಾಗುತ್ತಿತ್ತು.

ನನಗೂ ಸಣ್ಣ ಜ್ವರ ಬಂತು. ಮೈಕೈ ನೋವು, ವಾಂತಿ. ಅದೇ ವಾರ ಊರಿನ ಶಾಲೆಯ ಜಗುಲಿಯಲ್ಲಿ ಜ್ವರ ತಪಾಸಣೆ ಇತ್ತು. ನನ್ನ ತೋಳಿನಿಂದ ರಕ್ತ ತೆಗೆದರು. ಮಂಗನ ಕಾಯಿಲೆ ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸುತ್ತೇವೆ ಅಂದರು. ಅದು ಸರಿಯಾದ ಕೆಲಸವೇ. ಪಕ್ಕದ ಮೇಜಿನಲ್ಲಿ ಬಿಪಿ, ಶುಗರ್ ನೋಡುತ್ತಿದ್ದರು. ಮೂವತ್ತು ವರ್ಷ ದಾಟಿದವರಿಗೆ. ಅಪ್ಪನಿಗೆ ನಲವತ್ತೆಂಟು. ಸುಮ್ನೆ ಕೂತಿದ್ದೀರಲ್ಲ ಬನ್ನಿ ಅಂತ ಕರೆದು ಅಪ್ಪನ ಬೆರಳು ಚುಚ್ಚಿದರು. 112 ಬಂತು. "ಆರಾಮಿದೀರಿ" ಅಂದರು. ಅಪ್ಪ ಖುಷಿಯಾಗಿ ಬೆರಳಿಗೆ ಹತ್ತಿ ಒತ್ತಿಕೊಂಡು ಬಂದು ನನ್ನ ಪಕ್ಕ ಕೂತರು.

ಆ ಯಂತ್ರ ನನ್ನಿಂದ ನಾಲ್ಕು ಅಡಿ ದೂರದಲ್ಲಿತ್ತು. ನಾನು ಎಷ್ಟು ಸಲ ಈ ದೃಶ್ಯವನ್ನು ತಲೆಯೊಳಗೆ ತಿರುಗಿಸಿದ್ದೇನೆ ಅಂದ್ರೆ, ಈಗ ಆ ಮೇಜಿನ ಮೇಲಿದ್ದ ಹೂವಿನ ಪ್ಲಾಸ್ಟಿಕ್ ಹಾಸು ಕೂಡ ನೆನಪಿದೆ. ಅಲ್ಲಿದ್ದ ಯಾರ ಮೇಲೂ ಸಿಟ್ಟಿಲ್ಲ. ಅವರಿಗೆ ಕೊಟ್ಟ ಪಟ್ಟಿ ಮೂವತ್ತರಿಂದ ಶುರುವಾಗುತ್ತಿತ್ತು, ಅಷ್ಟೇ.

ಮರುದಿನ ಸುಸ್ತು ಜಾಸ್ತಿ ಆಯಿತು. ಲಾಂಚ್ ದಾಟಿ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಯಾವುದು ಅಂತ ಹೇಳುವುದಿಲ್ಲ. ಸುಸ್ತಿಗೆ ಅಂತ ಒಂದು ಬಾಟಲಿ ಗ್ಲೂಕೋಸ್ ಹಾಕಿದರು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದವಳಿಗೆ ಮೇಲಿನಿಂದ ಇನ್ನೊಂದು ಬಾಟಲಿ ಸಕ್ಕರೆ ನೀರು. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟು ಕಳಿಸಿದರು. ಪರೀಕ್ಷೆಯ ಟೆನ್ಶನ್ ಇರಬೇಕು ಅಂದರು.

ಆ ರಾತ್ರಿ ಉಸಿರು ಜೋರಾಯಿತು. ಓಡಿ ಬಂದವಳ ಹಾಗೆ, ಮಲಗಿದಲ್ಲೇ. ಅಮ್ಮ ಹೇಳುತ್ತಾಳೆ, ನನ್ನ ಬಾಯಿಂದ ಕೊಳೆತ ಅನಾನಸಿನ ವಾಸನೆ ಬರುತ್ತಿತ್ತಂತೆ. ಇನ್ಸುಲಿನ್ ಇಲ್ಲದೆ ದೇಹ ಸಕ್ಕರೆಯನ್ನು ಉರಿಸಲಾರದೆ ಕೊಬ್ಬನ್ನು ಉರಿಸುತ್ತದೆ, ಆ ಹೊಗೆಯೇ ರಕ್ತವನ್ನು ಹುಳಿ ಮಾಡುತ್ತದೆ. ಇದಕ್ಕೆ ಕೀಟೋಅಸಿಡೋಸಿಸ್ ಅನ್ನುತ್ತಾರೆ ಅಂತ ಆಮೇಲೆ ಕಲಿತೆ. ಆವತ್ತು ನಮಗೆ ಗೊತ್ತಿದ್ದದ್ದು ಎರಡೇ. ಲಾಂಚ್ ಇಲ್ಲ. ಜೀಪಿನವನು ರಾತ್ರಿ ಕಾಡಿನ ರಸ್ತೆಗೆ ಬರಲು ಹಿಂದೆಮುಂದೆ ನೋಡುತ್ತಿದ್ದಾನೆ. ಬೆಳಗಿನ ಮೊದಲ ಲಾಂಚಿಗೆ ಹೋಗುವುದು ಅಂತ ತೀರ್ಮಾನವಾಯಿತು. ಅಜ್ಜಿ ಇಡೀ ರಾತ್ರಿ ನನ್ನ ಪಾದ ಉಜ್ಜುತ್ತಾ ಕೂತಿದ್ದಳು.

ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ನನ್ನ ಮುಖದ ಹತ್ತಿರ ಬಗ್ಗಿದರು. ಏನೂ ಕೇಳಲಿಲ್ಲ. ನೇರ ಹೋಗಿ ಶುಗರ್ ಯಂತ್ರ ತಂದರು. ಪರದೆಯ ಮೇಲೆ ಅಂಕಿ ಬರಲಿಲ್ಲ. 'ಹೈ' ಅಂತ ಬಂತು. ಆ ಯಂತ್ರ ಅಳೆಯುವುದು 600ರವರೆಗೆ, ಅದರಾಚೆ ಅದೂ ಕೈಚೆಲ್ಲುತ್ತದೆ. 108ರಲ್ಲಿ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ನಾಲ್ಕು ದಿನ ಐಸಿಯು. ಮಂಗನ ಕಾಯಿಲೆಯ ವರದಿ ಮೂರನೇ ದಿನ ಬಂತು. ನೆಗೆಟಿವ್. ಅಪ್ಪ ಆ ಸುದ್ದಿಯನ್ನು ನನಗೆ ಹೇಳಲು ಬಂದು, ಹೇಳದೆ ವಾಪಸ್ ಹೋದರಂತೆ.

ಟೈಪ್ 1 ಡಯಾಬಿಟಿಸ್. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ. ದೇಹದ ಕಾವಲು ಪಡೆಯೇ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಶತ್ರು ಅಂದುಕೊಂಡು ಕೊಂದಿರುತ್ತದೆ. ಮಾತ್ರೆ ನಾಟುವುದಿಲ್ಲ. ಬದುಕಿರುವವರೆಗೆ ಚುಚ್ಚಿಕೊಳ್ಳಬೇಕು. ವಾರ್ಡಿನ ಡಾಕ್ಟರ್ ಒಂದು ಮಾತು ಹೇಳಿದ್ದರು: 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿಸಿಕೊಂಡವನು 14 ವರ್ಷದ ಹುಡುಗ, ಅದಕ್ಕಿಂತ ಮುಂಚೆ ನಿನ್ನಂಥವರು ಉಳಿಯುತ್ತಿರಲಿಲ್ಲ. ಧೈರ್ಯಕ್ಕೆ ಹೇಳಿದ್ದು ಅಂತ ಈಗ ಅರ್ಥವಾಗುತ್ತದೆ. ಆಗ ರಾತ್ರಿಯಿಡೀ ಅತ್ತಿದ್ದೆ.

ಡಿಸ್ಚಾರ್ಜ್ ದಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಹಾಕಿ ಕೊಟ್ಟರು. ಅದೇ ವಾರ್ಡಿನ ಸಿಸ್ಟರೊಬ್ಬರು ಡಿಸ್ಚಾರ್ಜ್ ಚೀಟಿಯ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ತಮ್ಮ ನಂಬರ್ ಬರೆದರು. "ಎಂತ ಆದ್ರೂ ಫೋನ್ ಮಾಡು, ನಾಚಿಕೊಳ್ಳಬೇಡ" ಅಂದರು. ಇದು ಅವರ ಕೆಲಸವಲ್ಲ. ಯಾವ ಸುತ್ತೋಲೆಯೂ ಅವರಿಗೆ ಹೀಗೆ ಮಾಡಿ ಅಂದಿರಲಿಕ್ಕಿಲ್ಲ.

ಮಾರ್ಚ್ ಪರೀಕ್ಷೆ ಹೋಯಿತು. ಜೂನಿನಲ್ಲಿ ಸಪ್ಲಿಮೆಂಟರಿ ಬರೆದು ಪಾಸಾದೆ. ಇದನ್ನು ಉದ್ದ ಮಾಡುವುದಿಲ್ಲ.

ಉದ್ದ ಹೇಳಬೇಕಾದದ್ದು ಆಮೇಲಿನ ಅಲೆದಾಟ. ಇನ್ಸುಲಿನ್ ಸರ್ಕಾರದಿಂದ ಸಿಗುತ್ತದೆ, ನಿಜ. 10 ಎಂಎಲ್ ಸೀಸೆ, ಒಂದು ಎಂಎಲ್‌ಗೆ 40 ಯೂನಿಟ್. ಅಂದ್ರೆ ಸೀಸೆಗೆ 400. ನನಗೆ ದಿನಕ್ಕೆ ಹತ್ತಿರ ಹತ್ತಿರ 40 ಬೇಕು. ಹತ್ತು ದಿನಕ್ಕೊಂದು ಸೀಸೆ. ಸ್ಟಾಕ್ ಇದ್ದಾಗ ಎರಡು ಮೂರು ಕೊಡುತ್ತಾರೆ, ಇಲ್ಲದಾಗ "ಸೋಮವಾರ ಬಾ". ಆ ಸೋಮವಾರ ಅಂದ್ರೆ ಅಪ್ಪನ ಒಂದು ದಿನದ ಕೆಲಸ, ಎರಡು ಬಸ್ಸು, ಒಂದು ಲಾಂಚ್. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ, ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಒಂದು ಕಡೆ. ಕಣ್ಣು ಇನ್ನೊಂದು ಕಡೆ. ಥೈರಾಯ್ಡ್ ರಕ್ತ ಮತ್ತೊಂದು ಕಡೆ. ಕಿಡ್ನಿಗೆ ಮೂತ್ರ ಪರೀಕ್ಷೆ ಮಗದೊಂದು ಕಡೆ. ಇವರೆಲ್ಲ ಒಳ್ಳೆಯವರೇ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿದ್ದು ನಾನು ಕವರ್ ಬಿಚ್ಚಿ ಕೈಗೆ ಕೊಟ್ಟಾಗ ಮಾತ್ರ.

ಪ್ರತಿ ಸಲ ಹೊಸ ಮೇಜು. ಪ್ರತಿ ಸಲ "ಯಾವಾಗಿಂದಮ್ಮಾ?" ನಾನು ಮತ್ತೆ ಇರುವೆಯಿಂದ ಶುರು ಮಾಡಬೇಕು. ಒಂದು ಸಲ ಒಬ್ಬರು ಕವರನ್ನು ಪೂರ್ತಿ ನೋಡದೆ, "ಇಷ್ಟು ಚಿಕ್ಕ ವಯಸ್ಸಿಗೆ ಇನ್ಸುಲಿನ್ ಯಾಕೆ? ಮಾತ್ರೆ ಬರೀತೀನಿ" ಅಂದರು. ಅಪ್ಪನ ಮುಖ ಅರಳಿದ್ದು ನೋಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ನಾನು ಮಾತ್ರೆಯ ಚೀಟಿಯನ್ನು ಹರಿದು ಕಿಟಕಿಯಿಂದ ಬಿಟ್ಟೆ. ಅಪ್ಪ ವಾರವಿಡೀ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಹದಿನೇಳರ ಹುಡುಗಿ ಡಾಕ್ಟರ್ ಹೇಳಿದ್ದು ತಪ್ಪು ಅಂತ ಮನೆಯಲ್ಲಿ ವಾದ ಮಾಡುವುದು ಸುಲಭವಲ್ಲ. ನಾನು ಅವತ್ತು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ನೆಂಟರದ್ದು ಇನ್ನೊಂದು ಕಥೆ. ಮಾವ ಒಂದು ಕುಂಡದಲ್ಲಿ 'ಇನ್ಸುಲಿನ್ ಗಿಡ' ತಂದರು. ಮಲೆನಾಡಿನ ಅರ್ಧ ಅಂಗಳಗಳಲ್ಲಿ ಅದಿದೆ ಬಿಡಿ. ದಿನಾ ಎರಡು ಎಲೆ ತಿಂದರೆ ಸೂಜಿ ಬಿಡಬಹುದು ಅಂದರು. ಹೆಸರಿಗೆ ಇನ್ಸುಲಿನ್, ಒಳಗೆ ಒಂದು ಹನಿ ಇನ್ಸುಲಿನ್ ಇಲ್ಲ. ಹುಳಿ ಹುಳಿ ಇರುತ್ತದೆ, ನಾನು ಚಟ್ನಿ ಮಾಡಿ ನೋಡಿದ್ದೇನೆ, ಪರವಾಗಿಲ್ಲ. ಸೂಜಿ ಬಿಡಲಿಲ್ಲ. ಗಿಡ ಈಗ ಬಾವಿಕಟ್ಟೆಯ ಹತ್ತಿರ ಪೊದೆಯಾಗಿದೆ.

2019ರ ಆಗಸ್ಟಿನಲ್ಲಿ ನನಗೆ ಹದಿನೆಂಟು ತುಂಬಿತು. ಅಮ್ಮ ಪಾಯಸ ಮಾಡಿದಳು, ಬೆಲ್ಲ ಕಮ್ಮಿ ಹಾಕಿ. ಅವತ್ತು ನಾನು ಇನ್ನೊಂದು ಕಡೆ ಬಾಗಿಲಿನಿಂದ ಹೊರಗೆ ಬಂದಿದ್ದೆ ಅಂತ ಗೊತ್ತಾಗಿದ್ದು ಆಮೇಲೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಹದಿನೆಂಟರವರೆಗೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಹತ್ತೊಂಬತ್ತರವರೆಗೆ. ಬಿಪಿ, ಶುಗರ್ ತಪಾಸಣೆ ಮೂವತ್ತರಿಂದ. ಮಧ್ಯದ ಹತ್ತು ಹನ್ನೊಂದು ವರ್ಷ ಯಾರ ಪಟ್ಟಿಯಲ್ಲೂ ಇಲ್ಲ. ಗರ್ಭಿಣಿಯಾದರೆ ತಾಯಿ ಕಾರ್ಡ್ ಸಿಗುತ್ತದೆ, ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಅದಕ್ಕೋಸ್ಕರ ಬಸುರಿಯಾಗಲು ಆಗುತ್ತದಾ? ಹುಡುಗರ ಪಾಡು ಇನ್ನೂ ಚಂದ. ಅವರಿಗೆ ಆ ಬಾಗಿಲೂ ಇಲ್ಲ.

ಕಾರ್ಡುಗಳಿಗೇನೂ ಕಮ್ಮಿಯಿಲ್ಲ ಮತ್ತೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಕಾರ್ಡ್ ನಮ್ಮ ಮನೆಯಲ್ಲೂ ಇದೆ. ಆದರೆ ಅದು ಆಸ್ಪತ್ರೆಯಲ್ಲಿ ಮಲಗಿದರೆ. ದಿನಾ ಬೆರಳು ಚುಚ್ಚಿ ನೋಡುವ ಸ್ಟ್ರಿಪ್‌ಗೆ ಇಲ್ಲ. ನಾನು ಕೊಳ್ಳುತ್ತಿದ್ದ ಸ್ಟ್ರಿಪ್ ಒಂದಕ್ಕೆ ಹೆಚ್ಚುಕಮ್ಮಿ 20 ರೂಪಾಯಿ. ದಿನಕ್ಕೆ ನಾಲ್ಕು ಸಲ ನೋಡು ಅಂದಿದ್ದರು. ಅಂದ್ರೆ ತಿಂಗಳಿಗೆ 2,400. ನಾನು ಎರಡು ದಿನಕ್ಕೊಮ್ಮೆ ನೋಡುತ್ತಿದ್ದೆ. ಉಳಿದದ್ದು ಅಂದಾಜು. ನಾಲಿಗೆ ಒಣಗಿದರೆ ಜಾಸ್ತಿ, ಕೈ ನಡುಗಿದರೆ ಕಮ್ಮಿ. ಕತ್ತಲೆಯಲ್ಲಿ ಕಾಲುಸಂಕ ದಾಟಿದ ಹಾಗೆ.

ಹದಿನಾಲ್ಕು ಅಂಕಿಯ ಆಭಾ ಕಾರ್ಡೂ ಆಮೇಲೆ ಬಂತು. ನನ್ನ ಎಲ್ಲ ದಾಖಲೆ ಅದರೊಳಗೆ ಒಟ್ಟಿಗೆ ಸಿಗುತ್ತದೆ ಅಂದಿದ್ದರು. ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ತೆರೆದು ನೋಡಿದರೆ ಒಳಗೆ ನನ್ನ ಹೆಸರು, ಹುಟ್ಟಿದ ದಿನ. ಉಳಿದದ್ದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಇಲ್ಲಿ ನಾನು ಒಂದು ವಿಷಯ ವಿವರವಾಗಿ ಬರೆಯಬೇಕು. ನನ್ನ ಹಾಗೆ ಸೀಸೆಯಿಂದ ಇನ್ಸುಲಿನ್ ತೆಗೆದುಕೊಳ್ಳುವವರು ಯಾರಾದರೂ ಓದುತ್ತಿರಬಹುದು.

ನಮ್ಮ ಊರಿನ ಆಶಾ ಅಕ್ಕ ಬಿಸಿಲಲ್ಲಿ ನಡೆದು ಬಂದು ಇನ್ಸುಲಿನ್ ಸೀಸೆ ತಲುಪಿಸಿದರು. ಅದು ಸಿಕ್ಕಿತು. ಸಿರಿಂಜ್ ಮುಗಿದಿತ್ತು. ತರಕಾರಿ ಗಾಡಿಯವನ ಕೈಯಲ್ಲಿ ದುಡ್ಡು ಕೊಟ್ಟು ಪೇಟೆಯಿಂದ ಒಂದು ಪ್ಯಾಕೆಟ್ ತರಿಸಿದೆವು. ಹೊಸ ಸಿರಿಂಜ್, ಸೂಜಿ ಸಣ್ಣ, ನೋವೇ ಇಲ್ಲ. ಖುಷಿಯಾಯಿತು. ಬೆಳಗ್ಗೆ 20 ಗೆರೆ, ಸಂಜೆ 18 ಗೆರೆ, ಎಂದಿನ ಹಾಗೆ. ಎರಡೇ ದಿನಕ್ಕೆ ಬಾಯಿ ಒಣಗಿತು. ಮೂರನೇ ದಿನ ಶುಗರ್ 380. ನಾಲ್ಕನೇ ದಿನ 460. ಅಮ್ಮ ಹಲಸಿನ ಹಣ್ಣಿನ ಮೇಲೆ ಅನುಮಾನ ಪಟ್ಟಳು. ನಾನು ಸೀಸೆ ಬಿಸಿಲಿಗೆ ಕೆಟ್ಟಿರಬೇಕು ಅಂದುಕೊಂಡೆ. ಅಜ್ಜಿ ಬಚ್ಚಲ ಮೂಲೆ ನೋಡಿ ಬಂದು ಏನೂ ಹೇಳದೆ ಜಪಮಣಿ ಹಿಡಿದಳು.

ಡಿಸ್ಚಾರ್ಜ್ ಚೀಟಿಯ ಹಿಂಬದಿಯ ನಂಬರಿಗೆ ಫೋನ್ ಮಾಡಿದೆ. ಸಿಗ್ನಲ್ ಸಿಗಲು ಗುಡ್ಡದ ಗೇರು ಮರದ ಹತ್ತಿರ ಹೋಗಬೇಕಿತ್ತು. ಸಿಸ್ಟರ್ ಕೋವಿಡ್ ವಾರ್ಡಿನ ಗಡಿಬಿಡಿಯಲ್ಲಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಸಿರಿಂಜಿನ ಮುಚ್ಚಳ ಯಾವ ಬಣ್ಣ?"

ಕಿತ್ತಳೆ, ಅಂದೆ.

"ಹಳೆಯದ್ದು?"

ಕೆಂಪು.

ಆ ಕಡೆಯಿಂದ ಒಂದು ಉದ್ದ ಉಸಿರು. ಆಮೇಲೆ ನಿಧಾನಕ್ಕೆ ಹೇಳಿಕೊಟ್ಟರು. ಕೆಂಪು ಮುಚ್ಚಳದ್ದು ಎಂಎಲ್‌ಗೆ 40 ಯೂನಿಟ್ ಇರುವ ಸೀಸೆಗೆ. ಕಿತ್ತಳೆಯದ್ದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. ನನ್ನದು 40ರ ಸೀಸೆ. ಕಿತ್ತಳೆ ಸಿರಿಂಜಿನಲ್ಲಿ 20 ಗೆರೆವರೆಗೆ ಎಳೆದರೆ ಒಳಗೆ ಬರುವುದು ಒಂದು ಎಂಎಲ್‌ನ ಐದನೇ ಒಂದು ಭಾಗ. ಅಂದ್ರೆ ಎಂಟೇ ಯೂನಿಟ್. ನಾಲ್ಕು ದಿನದಿಂದ ನಾನು ಅರ್ಧಕ್ಕಿಂತ ಕಮ್ಮಿ ಔಷಧಿ ತೆಗೆದುಕೊಳ್ಳುತ್ತಿದ್ದೆ. ಉಲ್ಟಾ ಆಗಿದ್ದರೆ, 100ರ ಸೀಸೆಗೆ ಕೆಂಪು ಸಿರಿಂಜ್ ಹಾಕಿದ್ದರೆ, ಎರಡೂವರೆ ಪಟ್ಟು ಜಾಸ್ತಿ ಹೋಗಿ ನಿದ್ದೆಯಲ್ಲೇ ಕಥೆ ಮುಗಿಯುತ್ತಿತ್ತು. ಎರಡೂ ಒಂದೇ ಅಂಗಡಿಯ ಒಂದೇ ಡಬ್ಬಿಯಲ್ಲಿರುತ್ತವೆ.

ಕೆಂಪು ಮುಚ್ಚಳದ್ದು ಸಿಗುವವರೆಗೆ ಏನು ಮಾಡಬೇಕು ಅಂತಲೂ ಅವರೇ ಹೇಳಿದರು, ದಿನಾ ಸಂಜೆ ಫೋನಿನಲ್ಲಿ ನನ್ನ ಲೆಕ್ಕ ಕೇಳಿದರು. ಗೇರು ಮರದ ಬುಡದಲ್ಲಿ ಕೂತು ಅಂಕಿ ಓದಿ ಹೇಳುತ್ತಿದ್ದೆ. ಮೂರು ದಿನದಲ್ಲಿ ಕೆಂಪು ಬಂತು. ಒಂದು ವಾರದಲ್ಲಿ 160ಕ್ಕೆ ಇಳಿದೆ. ನಮ್ಮ ಹಳ್ಳಿಯಲ್ಲಿ ಆ ವರ್ಷ ಎಷ್ಟು ಮನೆಯಲ್ಲಿ ಇನ್ಸುಲಿನ್ ಸೀಸೆ ಇತ್ತೋ, ಅಷ್ಟು ಮನೆಯಲ್ಲಿ ಇಂಥ ನಂಬರ್ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಅದೃಷ್ಟ. ಅದನ್ನು ವ್ಯವಸ್ಥೆ ಅನ್ನಲು ಬಾಯಿ ಬರುವುದಿಲ್ಲ.

ಹಾಂ, ಮಳೆಗಾಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ವಾರಗಟ್ಟಲೆ ಕರೆಂಟ್ ಇರುವುದಿಲ್ಲವಲ್ಲ, ಫ್ರಿಜ್ ಇಲ್ಲದೆ ಇನ್ಸುಲಿನ್ ಹೇಗೆ? ಜುಲೈಯಲ್ಲಿ ನಮ್ಮ ಅಡಿಗೆಮನೆಯೇ ಫ್ರಿಜ್. ತೆರೆದ ಸೀಸೆ ಹೊರಗಿನ ತಂಪಿನಲ್ಲಿ ನಾಲ್ಕು ವಾರ ತಡೆಯುತ್ತದೆ, ನನ್ನದು ಹತ್ತು ದಿನಕ್ಕೇ ಖಾಲಿ. ತೊಂದರೆ ಇರುವುದು ಏಪ್ರಿಲಿನಲ್ಲಿ. ಆಗ ಮಣ್ಣಿನ ಗಡಿಗೆಯಲ್ಲಿ ಮರಳು, ಅದರೊಳಗೆ ಸಣ್ಣ ಗಡಿಗೆ, ಅದರೊಳಗೆ ಸೀಸೆ. ಮರಳಿಗೆ ದಿನಾ ನೀರು ಹನಿಸುವುದು ಅಜ್ಜಿಯ ಕೆಲಸವಾಗಿತ್ತು.

ಡಿಗ್ರಿಗೆ ಶಿವಮೊಗ್ಗಕ್ಕೆ ಹೋದೆ. ಹಾಸ್ಟೆಲಿನಲ್ಲಿ ಮೊದಲ ವಾರವೇ ಯಾರೋ ನನ್ನ ಚೀಲದಲ್ಲಿ ಸಿರಿಂಜ್ ನೋಡಿ ವಾರ್ಡನ್‌ಗೆ ಹೇಳಿದರು. ಡ್ರಗ್ಸ್ ಅಂದುಕೊಂಡಿದ್ದರಂತೆ! ವಾರ್ಡನ್ ಕರೆಸಿದರು, ಕವರ್ ಬಿಚ್ಚಿದೆ, ಮತ್ತೆ ಇರುವೆಯಿಂದ ಕಥೆ ಹೇಳಿದೆ. ಪಾಪ, ಅವರ ಫ್ರಿಜ್ಜಿನಲ್ಲೇ ಒಂದು ಮೂಲೆ ಕೊಟ್ಟರು. ಮೂರು ವರ್ಷ ನನ್ನ ಸೀಸೆ ಅವರ ಮೊಸರಿನ ಪಾತ್ರೆಯ ಪಕ್ಕ ಇತ್ತು.

ಅಲ್ಲೇ ನಮ್ಮ ಕ್ಲಾಸಿನಲ್ಲಿ ಇನ್ನೊಬ್ಬಳು ಇದ್ದಳು. ಅದೇ ಕಾಯಿಲೆ, ಅದೇ ವಯಸ್ಸು. ಊರು ಶಿವಮೊಗ್ಗವೇ. ಅವಳ ತೋಳಿನಲ್ಲಿ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಳಿ ಬಿಲ್ಲೆ. ಸೆನ್ಸರ್. ಫೋನ್ ಹತ್ತಿರ ಹಿಡಿದರೆ ಸಾಕು, ಶುಗರ್ ಗೆರೆ ಏರುವುದು ಇಳಿಯುವುದು ಕಾಣಿಸುತ್ತಿತ್ತು. 14 ದಿನಕ್ಕೆ ಒಂದು, ಬೆಲೆ ಸಾವಿರಗಳಲ್ಲಿ. ಅದಕ್ಕಿಂತ ನನಗೆ ಹೊಟ್ಟೆಕಿಚ್ಚು ಬಂದದ್ದು ಬೇರೆಯದಕ್ಕೆ. ಅವಳ ಡಾಕ್ಟರಿಗೆ ಅವಳ ಹೆಸರು ಗೊತ್ತಿತ್ತು. ಊಟದ ಪಟ್ಟಿ ಬರೆದುಕೊಡುವವರು ಅದೇ ಕಟ್ಟಡದಲ್ಲಿದ್ದರು. ಕಣ್ಣಿನ ಪರೀಕ್ಷೆಯ ದಿನ ಅವರೇ ನೆನಪಿಸಿ ಮೆಸೇಜ್ ಕಳಿಸುತ್ತಿದ್ದರು. ಅವಳು ಯಾವತ್ತೂ ಯಾರಿಗೂ ಮೊದಲಿಂದ ಕಥೆ ಹೇಳಿರಲಿಲ್ಲ.

ಅವಳು ಒಳ್ಳೆಯವಳು. ನನಗೆ ಕಾರ್ಬೋಹೈಡ್ರೇಟ್ ಲೆಕ್ಕ ಹಾಕಲು ಕಲಿಸಿದ್ದು ಅವಳೇ. ಅವಳ ಪಟ್ಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಇತ್ತು. ನಮ್ಮ ಮನೆಯ ಅಕ್ಕಿ ರೊಟ್ಟಿ, ಕಡುಬು, ಪತ್ರೊಡೆ, ಗಂಜಿ ಯಾವುದೂ ಇರಲಿಲ್ಲ. ಇಬ್ಬರೂ ಕೂತು ರೊಟ್ಟಿಯನ್ನು ಮೆಸ್ಸಿನ ತಕ್ಕಡಿಯಲ್ಲಿ ತೂಗಿ ನಮ್ಮದೇ ಪಟ್ಟಿ ಮಾಡಿದೆವು. ಶುಗರ್ ಇಳಿದರೆ ಅವಳು ಗ್ಲೂಕೋಸ್ ಪುಡಿ ತಿನ್ನುತ್ತಿದ್ದಳು. ನಾನು ಕೆಮ್ಮಿನ ಔಷಧಿಯ ಖಾಲಿ ಬಾಟಲಿಯಲ್ಲಿ ಜೋನಿ ಬೆಲ್ಲ ಇಟ್ಟುಕೊಳ್ಳುತ್ತಿದ್ದೆ. ಒಂದು ದೊಡ್ಡ ಚಮಚ, ಹದಿನೈದು ನಿಮಿಷ ಕಾಯಬೇಕು. ಕೆಲಸ ಎರಡೂ ಮಾಡುತ್ತವೆ, ರುಚಿಯಲ್ಲಿ ನನ್ನದೇ ಮೇಲು.

ಕೊನೆಯ ವರ್ಷ ಒಂದು ಕೆಟ್ಟ ಕಾಲ ಬಂತು. ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. "ಗಂಡಿನ ಕಡೆಯವರಿಗೆ ಹೇಳುವುದು ಬೇಡ, ಆಮೇಲೆ ನೋಡಿಕೊಂಡರಾಯಿತು" ಅಂದರು ದೊಡ್ಡವರು. ಸೂಜಿ ಬಚ್ಚಿಟ್ಟುಕೊಂಡು ಎಷ್ಟು ದಿನ ಬದುಕುವುದು? ನಾನು ಬೇಕಂತಲೇ ಎರಡು ದಿನ ಇನ್ಸುಲಿನ್ ಬಿಟ್ಟೆ. ಇದನ್ನು ಇವತ್ತಿಗೂ ಅಮ್ಮನಿಗೆ ಹೇಳಿಲ್ಲ. ಎರಡನೇ ರಾತ್ರಿ ಹಾಸ್ಟೆಲಿನ ತಾರಸಿಯಲ್ಲಿ ಕೂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಿದರು. ಆ ಕಡೆಯವರು ಮೊದಲು ಕೇಳಿದ್ದು, "ಈಗ ಇನ್ಸುಲಿನ್ ಹತ್ತಿರದಲ್ಲಿದೆಯಾ?" ಕೆಳಗೆ ಹೋಗಿ ವಾರ್ಡನ್ ಬಾಗಿಲು ಬಡಿದು ಸೀಸೆ ತೆಗೆದುಕೊಂಡೆ. ವಾರ್ಡನ್ ಮುಖ ನೋಡಿ ಎಂತದೋ ಅರ್ಥ ಮಾಡಿಕೊಂಡರು, ಅವತ್ತು ಅವರ ಕೋಣೆಯಲ್ಲೇ ಮಲಗಿಸಿಕೊಂಡರು. ಮದುವೆ ಮಾತು ಆಮೇಲೆ ನಿಂತಿತು. ಹೇಗೆ ಅನ್ನುವುದು ನಮ್ಮ ಮನೆಯ ವಿಷಯ, ಬಿಡಿ.

ಈಗ ನಾನು ಊರಿನಲ್ಲೇ ಇದ್ದೇನೆ. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. 2025ರ ಜುಲೈ 14ರಂದು ಹಿನ್ನೀರಿನ ಮೇಲೆ ಸೇತುವೆ ತೆರೆಯಿತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಮೊದಲ ವಾರ ಊರವರೆಲ್ಲ ಸುಮ್ನೆ ಆಚೆಗೆ ಹೋಗಿ ಈಚೆಗೆ ಬಂದರು. ನಾನೂ ಹೋದೆ. ನಡುವೆ ಬೈಕ್ ನಿಲ್ಲಿಸಿ, ಆ ರಾತ್ರಿ ಎಷ್ಟು ಹೊತ್ತು ಉಳಿಯುತ್ತಿತ್ತು ಅಂತ ಲೆಕ್ಕ ಹಾಕಿದೆ. ಅಜ್ಜಿ ಇದನ್ನು ನೋಡಲಿಲ್ಲ, ಅದರ ಹಿಂದಿನ ವರ್ಷವೇ ಹೋದಳು. ಸೇತುವೆಯಿಂದ ದೂರ ಕಮ್ಮಿಯಾಗಿದೆ. ಮೇಜುಗಳು ಅಷ್ಟೇ ಇವೆ, ಕವರ್ ಇನ್ನಷ್ಟು ದಪ್ಪ ಆಗಿದೆ.

ನಮ್ಮ ಉಪಕೇಂದ್ರಕ್ಕೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹಳದಿ ಬಣ್ಣ ಹೊಡೆದಿದ್ದಾರೆ. ಒಬ್ಬರು ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮೊದಲ ಸಲ ಹೋದಾಗ ಅವರು ನನ್ನ ಕವರನ್ನು ಪೂರ್ತಿ ಮೇಜಿನ ಮೇಲೆ ಸುರಿದರು. ಮುಕ್ಕಾಲು ಗಂಟೆ ಓದಿದರು. ಆಮೇಲೆ ಒಂದೇ ಹಾಳೆಯಲ್ಲಿ ಬರೆದರು: ಕಾಯಿಲೆ ಯಾವುದು, ಯಾವ ಇನ್ಸುಲಿನ್, ಎಷ್ಟು, ಸೀಸೆ 40ರದ್ದು, ಸಿರಿಂಜ್ ಕೆಂಪು ಮುಚ್ಚಳ, ಕೊನೆಯ ಎಚ್‌ಬಿಎ1ಸಿ, ಕಣ್ಣು ನೋಡಿದ್ದು ಯಾವಾಗ, ಮುಂದೆ ಯಾವಾಗ. ಕೆಳಗೆ ದಪ್ಪ ಅಕ್ಷರದಲ್ಲಿ, ಇನ್ಸುಲಿನ್ ನಿಲ್ಲಿಸಬಾರದು. ಆರು ವರ್ಷದಲ್ಲಿ ಹಾಗೆ ಯಾರೂ ಬರೆದಿರಲಿಲ್ಲ. ಅದನ್ನು ಈಗ ಕವರಿನ ಮೇಲ್ಗಡೆ ಇಟ್ಟಿದ್ದೇನೆ. ಡಾಕ್ಟರ್‌ಗಳು ಅದನ್ನು ಓದುತ್ತಾರೆ. ಯಾವಾಗಿಂದಮ್ಮಾ ಅಂತ ಕೇಳುವುದಿಲ್ಲ.

ಹೋದ ತಿಂಗಳು ಸೀಸೆ ತರಲು ಹೋದಾಗ ಅಲ್ಲಿ ಬಿಪಿ, ಶುಗರ್ ತಪಾಸಣೆ ನಡೆಯುತ್ತಿತ್ತು. ಅಡಿಕೆ ಕೊಯ್ಲಿಗೆ ಬಂದ ಕುಟುಂಬದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹುಡುಗನಿಗೆ ಹದಿನಾಲ್ಕೋ ಹದಿನೈದೋ. "ಜಾಸ್ತಿ ನೀರು ಕುಡೀತಾನೆ ಮೇಡಂ" ಅಂದಳು. ನನ್ನ ಎದೆ ಧಸಕ್ ಅಂತು. ಮೇಡಂ ನನ್ನ ಮುಖ ನೋಡಿದರು, ಹುಡುಗನ ಕೈ ಎಳೆದುಕೊಂಡರು, ಬೆರಳು ಚುಚ್ಚಿದರು. ಐದು ಸೆಕೆಂಡ್. 96.

"ಬಿಸಿಲಲ್ಲಿ ಆಡಿದ್ರೆ ನೀರು ಕುಡೀದೆ ಮತ್ತೇನು ಮಾಡ್ತಾನೆ" ಅಂತ ತಾಯಿಯನ್ನು ನಗಿಸಿ ಕಳಿಸಿದರು. ಆಮೇಲೆ ಪೆನ್ನು ಹಿಡಿದು ರಿಜಿಸ್ಟರಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಟ್ಟಿ ಮೂವತ್ತು ದಾಟಿದವರದ್ದು. ಖರ್ಚಾದ ಸ್ಟ್ರಿಪ್‌ಗೆ ಲೆಕ್ಕ ಕೊಡಬೇಕು.

ರಿಜಿಸ್ಟರಿನ ಕೊನೆಯ ಪುಟ ತೆಗೆದು ಅಲ್ಲಿ ಬರೆದರು. ಹುಡುಗನ ಹೆಸರು, ವಯಸ್ಸು, 96. ಬಗ್ಗಿ ನೋಡಿದೆ. ಆ ಪುಟದಲ್ಲಿ ಆಗಲೇ ಒಂಬತ್ತು ಹೆಸರುಗಳಿದ್ದವು. ಮೊದಲನೆಯದು ನನ್ನದು.